ಟಿಲ್‌ಬರ್ಗ್ ಪಕ್ಕದ ಮರುಭೂಮಿ

ಮನೆಯಲ್ಲಿ ಯಾರಿಗಾದರೂ ದುಃಖವಾದರೆ ನನಗೆ ಆಡಲು ಮಾತು ತೋಚುವುದಿಲ್ಲ. ಅದಕ್ಕೆ ನಾನು ಏನನ್ನಾದರೂ ಬುಕ್ ಮಾಡಿಬಿಡುತ್ತೇನೆ. ಹೆಂಡತಿಯ ಕೆಲಸ ಹೋದಾಗ ಒಂದು ದೋಣಿ ಬುಕ್ ಮಾಡಿದ್ದೆ. ಇಬ್ಬರಿಗೂ ಈಜು ಬರುವುದಿಲ್ಲ ಎಂಬುದು ದೋಣಿ ದಡ ಬಿಟ್ಟ ಮೇಲೆ ನೆನಪಾಯಿತು. ಇಂಥವನು, ಕೊರೋನಾದ ಎರಡನೇ ವರ್ಷ ಅವಳ ಅಕ್ಕ ಗದಗಿನಲ್ಲಿ ತೀರಿಹೋದಾಗ, ಮರುಭೂಮಿಯಲ್ಲಿ ಒಂದು ಐಷಾರಾಮಿ ಡೇರೆ ಬುಕ್ ಮಾಡಿದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಮರುಭೂಮಿ ಎಲ್ಲಿ ಬಂತು ಅಂತ ನೀವು ಕೇಳಬಹುದು. ಇದೆ. ನಾವಿರುವ ವೆಲ್ಡ್‌ಹೋವನ್‌ನಿಂದ ಕಾರಿನಲ್ಲಿ ಹೋದರೆ ಟಿಲ್‌ಬರ್ಗ್ ದಾಟುತ್ತಿದ್ದಂತೆ ಪೈನ್ ಮರಗಳ ನಡುವೆ ಮರಳು ಹಾಸಿಕೊಂಡಿದೆ. ಹಿಂದಿನವರು ಕುರಿ ಮೇಯಿಸಿ ಮೇಯಿಸಿ, ಮೇಲ್ಮಣ್ಣು ಕೆತ್ತಿ ಕೆತ್ತಿ ನೆಲವನ್ನು ಬೋಳು ಮಾಡಿದರು, ಅಡಿಯ ಮರಳು ಎದ್ದು ಹಾರಾಡತೊಡಗಿತು. ಈಗಿನವರಿಗೆ ಅದರ ಮೇಲೆ ಪ್ರೀತಿ ಬಂದಿದೆ. ಕಾಡು ಬೆಳೆದು ಮರಳನ್ನು ನುಂಗಬಾರದೆಂದು ಸಸಿಗಳನ್ನು ಕಿತ್ತು ಕಾಪಾಡುತ್ತಾರೆ. ಸಮುದ್ರದ ನೀರನ್ನು ಆಚೆ ಹಾಕಿ ಹೊಲ ಮಾಡಿಕೊಂಡ ಜನ, ಗಿಡ ಕಿತ್ತು ಮರುಭೂಮಿಯನ್ನೂ ಸಾಕುತ್ತಾರೆ. ನನ್ನಂಥವರು ಅದರಲ್ಲಿ ಹೋಗಿ ಮಲಗುತ್ತಾರೆ.

ನನ್ನ ಹೆಂಡತಿ ಶಾಹೀನಳ ಅಕ್ಕನನ್ನು ನಾನೂ ಆಪಾ ಅಂತಲೇ ಕರೆಯುತ್ತಿದ್ದೆ. ತಾಯಿ ಬೇಗ ಹೋದ ಮನೆಯಲ್ಲಿ ಶಾಹೀನಳ ಜಡೆ ಹೆಣೆದು, ಪಾಟಿಯ ಒಂದು ಬದಿ ಉರ್ದುವಿನ ಅಲಿಫ್ ಬೇ, ಇನ್ನೊಂದು ಬದಿ ಅ ಆ ತಿದ್ದಿಸಿ ಬೆಳೆಸಿದವರು ಅವರು. ಆ ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಒಳಗೆ ಹೋದವರನ್ನು ಮನೆಯವರು ಮತ್ತೆ ನೋಡಲಿಲ್ಲ. ಭಾರತದಿಂದ ಬರುವ ವಿಮಾನಗಳನ್ನು ಇಲ್ಲಿ ನಿಲ್ಲಿಸಿದ್ದರು. ಹೋದರೆ ಮರಳುವುದು ಯಾವಾಗಲೋ, ಹೋದರೂ ಮುಖ ತೋರಿಸುವವರಿಲ್ಲ. ಯಾರೋ ದೂರದ ನೆಂಟರು ಖಬರಸ್ತಾನದ ಗೇಟಿನಾಚೆ ನಿಂತು ಹಿಡಿದ ಫೋನಿನಲ್ಲಿ ನಾವು ದಫನ್ ನೋಡಿದೆವು. ಹೆಚ್ಚಾಗಿ ಕಂಡದ್ದು ಗೇಟೇ.

ಶಾಹೀನ ಅಳಲಿಲ್ಲ. ಮಾರನೇ ದಿನ ಮೇಲಿನ ಕೋಣೆಗೆ ಹೋಗಿ ಆಫೀಸಿನ ಲ್ಯಾಪ್‌ಟಾಪ್ ಮುಂದೆ ಕುಳಿತಳು. ಅಂದಿನಿಂದ ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಆಪಾಗ ಗುಸುಲ್ ಆತೋ ಇಲ್ಲೋ?" ಗುಸುಲ್ ಅಂದರೆ ಮಣ್ಣಿಗೆ ಕೊಡುವ ಮೊದಲು ಮೈ ತೊಳೆಸುವ ಕೊನೆಯ ಸ್ನಾನ. ಹೆಣ್ಣಿನ ದೇಹಕ್ಕೆ ಹೆಂಗಸರೇ ಮಾಡಿಸಬೇಕು. ಆಪಾಗೆ ಮಾಡಿಸಬೇಕಾದವಳು ಇವಳು. ಆನ್‌ಲೈನ್‌ನಲ್ಲಿ ಒಬ್ಬ ಮೌಲಾನಾ, ಇಂಥ ಕಾಲದಲ್ಲಿ ಎಲ್ಲದಕ್ಕೂ ಮಾಫಿ ಇದೆ ಅಂತ ಬಹಳ ಮೃದುವಾಗಿ ಹೇಳಿದರು. ಇವಳು ಪೂರ್ತಿ ಕೇಳಿಸಿಕೊಂಡು ಲ್ಯಾಪ್‌ಟಾಪ್ ಮುಚ್ಚಿದಳು. ಆಪಾ ಅವರ ಗಂಡನನ್ನು ನಾವು ಭಾಯಿಜಾನ್ ಅನ್ನುತ್ತೇವೆ. ಅವರಿಗೆ ಫೋನ್ ಮಾಡಿ ಇದನ್ನು ಕೇಳುವ ಧೈರ್ಯ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಡೇರೆಯ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಬಳಸುವ ಸ್ನಾನದ ಮನೆಗಳ ಬಗ್ಗೆ ಆಗ ಜನಕ್ಕೆ ಭಯ. ಹಾಗಾಗಿ ಸ್ವಂತ ಶೌಚಾಲಯ ಇರುವ ಡೇರೆಗೆ ಅರಮನೆಯ ಬೆಲೆ ಬಂದಿತ್ತು. ನಮ್ಮ ಡೇರೆಯಲ್ಲಿ ಮರದ ನೆಲ, ರತ್ನಗಂಬಳಿ, ಹಿತ್ತಾಳೆಯ ದೀಪ, ಕಾಫಿ ಯಂತ್ರ, ನಾಲ್ಕು ಕಾಲಿನ ಬಿಳಿಯ ಸ್ನಾನದ ತೊಟ್ಟಿ. ಮರುಭೂಮಿಯಲ್ಲೇ ಹುಟ್ಟಿ ಡೇರೆಯಲ್ಲಿ ಬಾಳಿದವರು ಇದನ್ನು ಕಂಡಿದ್ದರೆ ಯಾರ ಮದುವೆ ಅಂತ ಕೇಳುತ್ತಿದ್ದರು. ಯಜಮಾನಿ ಮರೈಕೆ ಎಂಬ ಹೆಂಗಸು, ಖರ್ಜೂರದ ಮರಗಳ ಚಿತ್ರವಿದ್ದ ಮಾಸ್ಕ್ ಹಾಕಿಕೊಂಡು ಬಂದು, ಕೀಲಿಯನ್ನು ಸ್ಟೂಲಿನ ಮೇಲಿಟ್ಟು, ನಿಯಮದ ಒಂದೂವರೆ ಮೀಟರ್ ಹಿಂದೆ ಸರಿದು, "ವೆಲ್‌ಕಮ್ ಟು ದಿ ಸಹಾರಾ" ಅಂದರು. ಶಾಹೀನ ಸುತ್ತ ನೋಡಿದಳು. ಒಂದು ಮೊಲ ಓಡಿತು.

"ಇಲ್ಲಿಗ್ ಯಾಕ ಬಂದ್ವಿ?" ಅಂದಳು.

"ಸ್ವಲ್ಪ ಮನಸ್ಸಿಗೆ ಹಗುರ ಆಗಲಿ ಅಂತ."

"ಯಾರ ಮನಸ್ಸಿಗೆ?"

ನಾನು ಕಾಫಿ ಯಂತ್ರದ ಕಡೆ ಹೋದೆ. ಆ ದಿನವೆಲ್ಲ ಅವಳು ಕ್ಯಾನ್ವಾಸ್ ಬಾಗಿಲಲ್ಲಿ ಕುಳಿತು ಮರಳನ್ನು ನೋಡಿದಳು. ಮನೆಯಲ್ಲಿದ್ದರೆ ಗೋಡೆ ನೋಡುತ್ತಿದ್ದಳು. ನಾನು ತಂದುಕೊಟ್ಟ ಬದಲಾವಣೆ ಅಷ್ಟೇ.

ಎರಡನೇ ದಿನ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಗೊರಗೊರ ಸದ್ದು ಮಾತ್ರ ಬಂತು. ಪಂಪ್ ಕೆಟ್ಟಿದೆ, ರಿಪೇರಿ ಮಾಡುವವನು ಕ್ವಾರಂಟೈನ್‌ನಲ್ಲಿದ್ದಾನೆ, ಕ್ಯಾನಿನಲ್ಲಿ ನೀರು ತರುತ್ತೇನೆ, ತಡವಾಗುತ್ತದೆ ಅಂತ ಮರೈಕೆ ಫೋನಿನಲ್ಲಿ ಹೇಳಿದರು. ನಮಾಜಿನ ಹೊತ್ತಾಗಿತ್ತು. ಬಾಟಲಿಯಲ್ಲಿ ಉಳಿದದ್ದು ಕುಡಿಯಲು ಒಂದೆರಡು ಗುಟುಕು.

ಶಾಹೀನ ಎದ್ದು ಹೊರಗೆ ಹೋದಳು. ನೀರಿಲ್ಲದ ಕಡೆ ಶುದ್ಧ ಮಣ್ಣಿಗೆ ಅಂಗೈ ತಟ್ಟಿ ಮುಖ, ಕೈ ಸವರಿಕೊಂಡರೆ ಅದೇ ವಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದ ಹಾಗೆ, ಆಗುತ್ತದೆ, ತಯಮ್ಮುಮ್ ಅನ್ನುತ್ತೇವೆ. ಮದರಸಾದಲ್ಲಿ ಕಲಿತಿದ್ದೆವು, ಇಬ್ಬರೂ ಒಮ್ಮೆಯೂ ಮಾಡಿರಲಿಲ್ಲ. ಕಾರು ಹತ್ತಿ ಟಿಲ್‌ಬರ್ಗಿಗೆ ಹೋದರೆ ಬೇಕಾದಷ್ಟು ನೀರು ಸಿಗುವಾಗ ಇದು ಸಲ್ಲುತ್ತದೆಯೇ ಎಂಬ ತರ್ಕ ನನ್ನ ತಲೆಗೆ ಬಂತು. ಪುಣ್ಯಕ್ಕೆ ನಾಲಿಗೆಗೆ ಬರಲಿಲ್ಲ.

ಅವಳು ಮೊಣಕಾಲೂರಿ ಮರಳಿಗೆ ಎರಡೂ ಅಂಗೈ ತಟ್ಟಿ ಮುಖ ಸವರಿಕೊಂಡಳು. ಮತ್ತೆ ತಟ್ಟಿದಳು. ಈ ಸಲ ಕೈ ಎತ್ತಲಿಲ್ಲ.

"ಆಪಾಗ ಇಷ್ಟರ ಮಾಡಿರ್ತಾರಲ್ರೀ? ನೀರು ಬ್ಯಾಡ, ಮೈ ಮುಟ್ಟೋದು ಬ್ಯಾಡ. ಒಂದು ಹಿಡಿ ಮಣ್ಣು?"

"ಗೊತ್ತಿಲ್ಲ ಶಾಹೀನ."

ಅವಳು ಅಲ್ಲೇ ಕುಳಿತು ಭಾಯಿಜಾನ್‌ಗೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಅವರ ದನಿ ಬಂತು. ಇವಳು ಅದೇ ಪ್ರಶ್ನೆ ಕೇಳಿಬಿಟ್ಟಳು.

"ಇಲ್ಲವ್ವಾ," ಅಂದರು. "ಏನೂ ಆಗಲಿಲ್ಲ. ಪ್ಲಾಸ್ಟಿಕ್‌ನಾಗ ಸುತ್ತಿ ಕೊಟ್ಟರು. ಬಿಚ್ಚಬ್ಯಾಡ್ರಿ ಅಂದ್ರು. ಆಗೇತಿ ಅಂತ ನಿನಗ ಹೇಳಬೇಕಂತ ನಾ ಇಷ್ಟು ದಿನಾ ಪಾಠ ಮಾಡಿಕೋತ ಇದ್ದೆ. ಬಾಯಿಗೆ ಬರವಲ್ದು."

ಆಗ ಅವಳು ಅತ್ತಳು. ಅಷ್ಟು ದಿನದ್ದನ್ನೆಲ್ಲ ಮರಳಿನ ಮೇಲೆ ಬಾಗಿ ಅತ್ತಳು. ಅಲ್ಲಿ ಭಾಯಿಜಾನ್ ಅಳುತ್ತಿದ್ದರು. ನೀರಿನ ಕ್ಯಾನು ಹಿಡಿದು ಬಂದ ಮರೈಕೆ ದೂರದಲ್ಲೇ ನಿಂತು, ಕ್ಯಾನುಗಳನ್ನು ಸದ್ದಾಗದಂತೆ ಇಳಿಸಿ ಹೊರಟುಹೋದರು. ನಾನು ಪಕ್ಕದಲ್ಲಿ ಕುಳಿತೆ. ಬುಕ್ ಮಾಡಲು ಏನೂ ಉಳಿದಿರಲಿಲ್ಲ. ನನಗೆ ಗೊತ್ತಿದ್ದ ಯಾವ ಸಮಾಧಾನವೂ ಆ ಪ್ಲಾಸ್ಟಿಕ್ಕನ್ನು ದಾಟಿ ಒಳಗೆ ಹೋಗುವಂಥದ್ದಾಗಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಭಾಯಿಜಾನ್ ಮೂಗೊರೆಸಿಕೊಂಡು ಕೇಳಿದರು, "ಗಾಳಿ ಸಪ್ಪಳ ಬಾಳ ಐತಿ. ಎಲ್ಲಿದ್ದೀರಿ?"

"ಮರುಭೂಮ್ಯಾಗ."

"ಹಾಲೆಂಡದಾಗ ಎಲ್ಲೀ ಮರುಭೂಮಿ? ಯಾರು ಕರ್ಕೊಂಡ್ ಹೋದ್ರು?"

"ಇವರೇ. ಸ್ನಾನಕ್ಕ ತೊಟ್ಟಿ ಐತಿ, ನೀರಿಲ್ಲ."

ಭಾಯಿಜಾನ್ ನಕ್ಕರು. ಇವಳಿಗೂ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. "ತಡೀರಿ, ಇದನ್ನ ಆಪಾಗ ಹೇಳ್ಬೇಕು," ಅಂದಳು. ಅಂದವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಹೇಳವ್ವಾ," ಅಂದರು ಭಾಯಿಜಾನ್. "ನಾನೂ ದಿನಾ ಏನರ ಹೇಳ್ತಿರ್ತೀನಿ."

ಶಾಹೀನ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕುಳಿತಳು. "ನೋಡ್ರಿ ಆಪಾ," ಅಂತ ಶುರು ಮಾಡಿದಳು. ನಾನು ಎಂಥ ಗಂಡ, ಎಲ್ಲೆಲ್ಲಿಗೆ ಎಳೆದುಕೊಂಡು ಹೋಗುತ್ತೇನೆ, ಹೇಗೆ ಮಾತೇ ಆಡದೆ ಕಾಫಿ ಮಾಡುತ್ತ ನಿಲ್ಲುತ್ತೇನೆ ಎಲ್ಲವೂ ಬಂತು. ಭಾಯಿಜಾನ್ ನಡುನಡುವೆ ಹೂಂಗುಟ್ಟಿ ತಮ್ಮದೂ ಒಂದೆರಡು ಸೇರಿಸಿದರು. ನನ್ನ ಪರ ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಆಪಾ ಒಬ್ಬರು ಮಾತಾಡುತ್ತಿದ್ದರು. ನಾನು ಎದ್ದು ಹೋಗಲಿಲ್ಲ. ದೂರು ಮುಗಿಯುವವರೆಗೂ ಕುಳಿತು ಕೇಳಿಸಿಕೊಂಡೆ.