ನಮ್ಮ ಹೆಸರಿನವರು

ಕಲ್ಲುಚಪ್ಪಡಿಯ ನೆಲದ ಮೇಲೆ ಮೂರ್ನಾಲ್ಕು ಬೆಂಚುಗಳು ಒಟ್ಟಿಗೆ ಕಿರ್ರೆಂದು ಹಿಂದಕ್ಕೆ ಸರಿಯುವ ಸದ್ದು. ಹಾಸನದ ನಮ್ಮ ಕಾನ್ವೆಂಟಿಗೆ ಹೊಸ ಸಿಸ್ಟರ್ ಯಾರಾದರೂ ಬಂದು ನನ್ನ ಹೆಸರು ಕರೆದರೆ ಕೇಳುತ್ತಿದ್ದದ್ದು ಅದೇ. ಮುಂದಿನ ಸಾಲಿನಿಂದ ಒಬ್ಬಳು, ಕಿಟಕಿಯ ಪಕ್ಕದಿಂದ ಒಬ್ಬಳು, ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಎದ್ದು ನಿಂತು ಯೆಸ್ ಸಿಸ್ಟರ್ ಅನ್ನುತ್ತಿದ್ದೆವು. ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳಿಗಲ್ಲದೆ ರೈಸ್ ಮಿಲ್ಲಿಗೂ ಸೀರೆ ಅಂಗಡಿಗೂ ಪ್ರೈವೇಟ್ ಬಸ್ಸಿಗೂ ಮನೆಯ ಹಸುವಿಗೂ ಇಡುವ ಹೆಸರು ಅದು. ವೆರಿ ಕಾಮನ್. ಕೊನೆಗೆ ಸಿಸ್ಟರುಗಳು ಸೋತು ನಮ್ಮನ್ನು ಊರಿನ ಹೆಸರಿನಿಂದಲೇ ಕರೆಯತೊಡಗಿದರು. ನಾನು ಚನ್ನರಾಯಪಟ್ಟಣವಾದೆ. ಡಾರ್ಮಿಟರಿಯಲ್ಲಿ ನನ್ನ ಪಕ್ಕದ ಮಂಚದವಳು ಅರಕಲಗೂಡು. ‘ಅರಕಲಗೂಡು, ಸ್ಟಾಪ್ ಗಿಗ್ಲಿಂಗ್’ ಎಂದು ಗದರಿದರೆ ಒಂದು ತಾಲ್ಲೂಕಿಗೆ ತಾಲ್ಲೂಕೇ ನಗು ನಿಲ್ಲಿಸಿದಂತೆ ನಮಗೆ ಕಾಣುತ್ತಿತ್ತು.

ಅರಕಲಗೂಡಿನವಳಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಅವಳ ಅವ್ವ ಅವಳು ತೀರಾ ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಮುಖ ನೆನಪಿಲ್ಲ ಕಣೇ, ಹಿತ್ತಲಿಂದ ಅವ್ವ ನನ್ನ ಹೆಸರು ಹಿಡಿದು ಕೂಗ್ತಿದ್ದ ದನಿ ಒಂದು ನೆನಪಿದೆ ಎಂದು ಅವಳು ಹೇಳುತ್ತಿದ್ದಳು. ಅವ್ವ ಹರಕೆ ಹೊತ್ತು ಇಟ್ಟ ಹೆಸರಂತೆ. ತನ್ನ ಪಾಲಿಗೆ ಅವ್ವನಿಂದ ಬಂದದ್ದು ಅದೊಂದೇ ಅನ್ನುವುದು ಆ ವಯಸ್ಸಿಗೇ ಅವಳಿಗೆ ಗೊತ್ತಿತ್ತು. ಆದ್ದರಿಂದ ನಾವಿಬ್ಬರೇ ಇರುವಾಗ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯಬೇಕೆಂದು ಅವಳು ಕಟ್ಟಪ್ಪಣೆ ಮಾಡಿದ್ದಳು. ನನ್ನ ಹೆಸರನ್ನು ನಾನೇ ಕೂಗಿ ಇನ್ನೊಬ್ಬಳನ್ನು ಕರೆಯುವುದು ಮೊದಮೊದಲು ವಿಚಿತ್ರವಾಗಿತ್ತು. ಆಮೇಲೆ ರೂಢಿಯಾಯಿತು.

ಹಿಸ್ಟರಿ ತೆಗೆದುಕೊಳ್ಳುತ್ತಿದ್ದ ಸಿಸ್ಟರ್ ಒಂದು ಸಲ ಎಲ್ಲರಿಗೂ ಒಂದು ಪ್ರಾಜೆಕ್ಟ್ ಕೊಟ್ಟರು. ನಿಮ್ಮ ಹೆಸರನ್ನೇ ಇಟ್ಟುಕೊಂಡಿದ್ದ ಹೆಸರಾಂತ ಹೆಂಗಸರನ್ನು ಹುಡುಕಿಕೊಂಡು ಬನ್ನಿ, ಯೂ ಮಸ್ಟ್ ಬಿ ವರ್ದಿ ಆಫ್ ದೆಮ್ ಎಂದರು. ಬೇರೆ ಹುಡುಗಿಯರಿಗೆ ಒಬ್ಬರು ಸಿಕ್ಕುವುದೂ ಕಷ್ಟವಾಯಿತು. ನಮಗೆ ಸುಗ್ಗಿ. ಎಳೆಯ ಮಗನ ಪರವಾಗಿ ರಾಜ್ಯ ಆಳಿದ ಒಬ್ಬ ರಾಣಿ ಸಿಕ್ಕಳು. ಗಂಡ ಯುದ್ಧದಲ್ಲಿ ಸತ್ತ ಮೇಲೆ ಒಡವೆ ಮಾರಿ ಕೆರೆ ಕಟ್ಟಿಸಿ, ಕಲ್ಲಿನ ಮೇಲೆ ಹೆಸರು ಬರೆಸಿದವಳು ಸಿಕ್ಕಳು. ಸಂಸಾರ ಬಿಟ್ಟು ದೇವರ ಮೇಲೆ ಹಾಡು ಕಟ್ಟಿದವಳು, ಕಂಪನಿ ನಾಟಕದಲ್ಲಿ ಗಂಡುವೇಷ ಹಾಕಿ ಮೀಸೆ ತಿರುವುತ್ತಿದ್ದವಳು, ಬಸುರಿಯಾಗಿದ್ದಾಗಲೇ ಬ್ರಿಟಿಷರ ಜೈಲಿಗೆ ಹೋದವಳು, ಎಲ್ಲರೂ ನಮ್ಮ ಹೆಸರಿನವರೇ. ನಾವಿಬ್ಬರೂ ಚಾರ್ಟ್ ಪೇಪರಿನ ಮೇಲೆ ಅವರನ್ನೆಲ್ಲ ಸಾಲಾಗಿ ಬರೆದು ಕೆಳಗೆ ಒಂದಿಷ್ಟು ಜಾಗ ಖಾಲಿ ಬಿಟ್ಟೆವು. ಅದು ಯಾರಿಗೆ ಎಂದು ಸಿಸ್ಟರ್ ಕೇಳಿದಾಗ ನಾನು ತಲೆ ತಗ್ಗಿಸಿದೆ. ಅವಳು ಮಾತ್ರ ನಾಚಿಕೆಯಿಲ್ಲದೆ, ಫಾರ್ ಅಸ್ ಸಿಸ್ಟರ್ ಅಂದಳು.

ಆ ಆಟ ನಮ್ಮನ್ನು ಬಿಡಲೇ ಇಲ್ಲ. ಸ್ಕೂಲು ಮುಗಿಸಿ ನಾನು ಚನ್ನರಾಯಪಟ್ಟಣಕ್ಕೆ, ಅವಳು ಅರಕಲಗೂಡಿಗೆ ಹಿಂತಿರುಗಿದ ಮೇಲೂ ಪೇಪರಿನಲ್ಲೋ ರೇಡಿಯೋದಲ್ಲೋ ನಮ್ಮ ಹೆಸರಿನವಳು ಯಾರಾದರೂ ಕಂಡರೆ, ಮುಂದಿನ ಸಲ ಸಿಕ್ಕಾಗ ಮೊದಲ ಸುದ್ದಿಯೇ ಅದು. ಗುಂಡು ಎಸೆದು ಮೆಡಲ್ ತಂದ ಹುಡುಗಿ, ಜಡ್ಜ್ ಆದವಳು, ಹೊಟ್ಟೆಯ ಆಪರೇಷನ್ನಿನಲ್ಲಿ ಹೆಸರು ಮಾಡಿದ ಡಾಕ್ಟರ್. ಚೀಟಿ ವ್ಯವಹಾರದಲ್ಲಿ ಊರಿಗೇ ಟೋಪಿ ಹಾಕಿ ಓಡಿಹೋದವಳೊಬ್ಬಳು ಪೇಪರಿಗೆ ಬಂದಾಗ, ಇವಳು ಬೇಡ ಬಿಡೇ ಅಂದೆ. ಅವಳು ಒಪ್ಪಲಿಲ್ಲ. ಅವಳನ್ನೂ ಸೇರಿಸ್ಕೊ, ಅವರವ್ವನೂ ಆಸೆಪಟ್ಟೇ ಇಟ್ಟಿರ್ತಾಳೆ ಅಂದಳು.

ಅವಳ ಮದುವೆ ಹೊಳೆನರಸೀಪುರದ ಕಡೆಯ ಜಮೀನುದಾರರ ಮನೆಗೆ ಗೊತ್ತಾಯಿತು. ಒಳ್ಳೆಯ ಜನ. ಹುಡುಗ ಬಿ.ಎಸ್ಸಿ. ಓದಿದ್ದ. ಎಲ್ಲ ಕೂಡಿಬಂದ ಮೇಲೆ ತಿಳಿಯಿತು, ಹುಡುಗನ ತಾಯಿಯದೂ ಅದೇ ಹೆಸರು. ಇಷ್ಟು ಕಾಮನ್ ಹೆಸರೆಂದ ಮೇಲೆ ಆಶ್ಚರ್ಯವೇನಿಲ್ಲ. ಆದರೆ ನಮ್ಮಲ್ಲಿ ಸೊಸೆ ಅತ್ತೆಯ ಹೆಸರು ಹೇಳುವಂತಿಲ್ಲ. ಮಗ ತಾಯಿಯ ಹೆಸರು ಹಿಡಿದು ಕರೆಯುವಂತಿಲ್ಲ. ಹಾಗಿದ್ದಾಗ ಅದೇ ಹೆಸರಿನ ಹೆಂಡತಿ ಮನೆಗೆ ಬಂದರೆ?

ಧಾರೆಯಾದ ಮೇಲೆ ಒಂದು ತಟ್ಟೆಯಲ್ಲಿ ಅಕ್ಕಿ ಹರಡಿ ತಂದರು. ಗಂಡಿನ ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕೂತು, ನಮ್ಮ ಕಡೆಯವರಿಗೂ ಕೇಳುವ ಹಾಗೆ ಹೇಳಿದರು.

“ಅವ್ವನ ಎಸ್ರಿಡ್ಕಂಡು ಎಂಡ್ರ ಕರಿಯಕ್ಕಾದದಾ? ನಾಳೀಕೆ ಸಿಟ್ಟು ಬಂದು ಬೈದ್ರೆ ಯಾರ್ನ ಬೈದಂಗಾಯ್ತದೆ ಯೋಳಿ.”

ಎಲ್ಲರೂ ನಕ್ಕರು. ಹೆಣ್ಣಿನ ಕಡೆಯವರೂ ನಕ್ಕರು. ಗಂಡು ಉಂಗುರದಿಂದ ಅಕ್ಕಿಯ ಮೇಲೆ ಹೊಸ ಹೆಸರು ಬರೆದ. ಆಗಿನ ಕಾಲಕ್ಕೆ ಫ್ಯಾಷನ್ನಿನ ಹೆಸರು, ಚೆನ್ನಾಗಿಯೇ ಇತ್ತು. ಹೊಸ ಮನೆ, ಹೊಸ ಹೆಸರು, ಸುಖವಾಗಿರವ್ವ ಎಂದು ಅವಳ ಅಪ್ಪ ಕಣ್ಣೊರೆಸಿಕೊಂಡರು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ತಟ್ಟೆಯನ್ನು ಎತ್ತಿಕೊಂಡು ಹೋಗುವಾಗ ಅಕ್ಕಿ ಅಲುಗಿ ಅಕ್ಷರಗಳೆಲ್ಲ ಕೂಡಿಕೊಂಡವು. ಅವಳು ಅದನ್ನೇ ನೋಡುತ್ತಿದ್ದಳು. ನನಗೆ ಮಾತ್ರ ಕೇಳುವಂತೆ, ನೀನೊಬ್ಬಳಾದ್ರೂ ಮರೀಬೇಡ ಕಣೇ ಅಂದಳು.

ನಾನು ಮದುವೆಯಾಗಲಿಲ್ಲ. ಅದು ಬೇರೆ ಕಥೆ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟುಕೊಂಡು ಉಳಿದೆ. ಹೆಸರೇನೋ ಉಳಿಯಿತು, ಕರೆಯುವವರು ಉಳಿಯಲಿಲ್ಲ. ತರಕಾರಿಯವನಿಂದ ಹಿಡಿದು ಬ್ಯಾಂಕ್ ಮ್ಯಾನೇಜರನವರೆಗೆ ಎಲ್ಲರಿಗೂ ನಾನು ಮಿಸ್. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಾಸನದಲ್ಲಿ ಏನಾದರೂ ಕೆಲಸ ಹುಟ್ಟಿಸಿಕೊಂಡು ಇಬ್ಬರೂ ಬರುತ್ತಿದ್ದೆವು. ನನ್ನ ಬಸ್ಸು ಶಾಂತಿಗ್ರಾಮ ದಾಟುವಾಗಲೇ ನನಗೆ ಜೀವ ಹಗುರವಾಗುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಫ್ಯಾಮಿಲಿ ರೂಮಿನ ಪರದೆ ಎಳೆದುಕೊಂಡು ಕಾಫಿ ಕುಡಿಯುವುದು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದು, ಹೊಸದಾಗಿ ಸಿಕ್ಕ ನಮ್ಮ ಹೆಸರಿನವರ ಸುದ್ದಿ ಹೇಳುವುದು. ಅಷ್ಟೇ ನಮ್ಮ ಔಟಿಂಗ್.

ಟು ಬಿ ಫೇರ್, ಅವಳ ಅತ್ತೆ ಕೆಟ್ಟವರಲ್ಲ. ಓದು ಬರಹ ಇಲ್ಲದ, ಗಟ್ಟಿ ದನಿಯ, ನಗುಮುಖದ ಹೆಂಗಸು. ಒಂದು ಸಲ ನಾನು ಅವರ ಮನೆಗೆ ಹೋಗಿದ್ದಾಗ ಅತ್ತೆ ಸೊಸೆ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾನ್ವೆಂಟಿನ ಮಾತು ಬಂತು, ಒಂದೇ ಹೆಸರಿನವರ ಮಾತು ಬಂತು. ಅತ್ತೆ ಕಾಳು ಬಿಡಿಸುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದರು.

“ನಿನ್ ಎಸ್ರ ನಾನ್ ತಿಂದ್ಬುಟ್ಟೆ ಕಣವ್ವ. ಇರ್ಲಿ ಬುಡು, ನಾನ್ ಸತ್ಮೇಲೆ ನೀನೇ ಎತ್ಕೋ.”

ಹುಸಿನಗೆಯಲ್ಲಿ ಆಡಿದ ಮಾತು. ಇವಳು, ಅಯ್ಯೋ ಬುಡ್ತು ಅನ್ನಿ ಅತ್ತೆಮ್ಮ ಎಂದು ಬಾಯಿ ಮುಚ್ಚಿಸಿದಳು. ಆದರೆ ಆ ಮಾತನ್ನು ಗಂಟು ಕಟ್ಟಿಕೊಂಡಳು. ಹೋಟೆಲಿನ ಪರದೆಯ ಹಿಂದೆ ಎಷ್ಟೋ ಸಲ ಅದನ್ನು ನೆನೆಸಿಕೊಂಡು, ಅವರು ಸಾಯಲಿ ಅಂತಲ್ಲ ಕಣೇ, ದೇವರಾಣೆ ಅನ್ನುತ್ತಿದ್ದಳು. ನನಗೆ ಗೊತ್ತಿತ್ತು. ಅತ್ತೆಗೆ ಮೈ ಬಿಸಿಯಾದರೆ ಪಕ್ಕದಲ್ಲಿ ಕೂತು ಹಣೆಗೆ ಬಟ್ಟೆ ಹಾಕುತ್ತಿದ್ದವಳು ಇವಳೇ. ಆದರೂ ಒಂದು ದಿನ ತನ್ನದು ತನಗೆ ಬರುತ್ತದೆ ಎಂದು ನಂಬಿಕೊಂಡೇ ಬದುಕಿದಳು.

ಅತ್ತೆ ಬಹಳ ಕಾಲ ಬಾಳಿದರು. ಅವರು ಹೋಗುವ ಹೊತ್ತಿಗೆ ಇವಳ ತಲೆಯೂ ಬೆಳ್ಳಗಾಗಿತ್ತು. ತಿಥಿ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಗಂಡನ ಹತ್ತಿರ ಮಾತು ತೆಗೆದಳಂತೆ. ಇನ್ನು ಮೇಲೆ ನನ್ನನ್ನು ನನ್ನ ಹೆಸರಿಂದ ಕರೀರಿ ಅಂದಳಂತೆ. ಆತ ಮೊದಲು ಅರ್ಥವಾಗದೆ, ಈ ವಯಸ್ಸಲ್ಲಿ ಹೊಸ ಹೆಸರು ಯಾತಕ್ಕೆ ಅಂದರು. ಹೊಸದಲ್ಲ, ಹಳೇದು ಅಂದಳು. ಆಗ ಆತನ ಮುಖ ಕೆಂಪಾಯಿತಂತೆ.

“ಅವ್ವ ಓಗಿ ತಿಂಗಳಾಗಿಲ್ಲ, ಆಗ್ಲೇ ಅವಳ ಎಸ್ರಿಗೆ ಕೈ ಆಕ್ತಿಯಲ್ಲ, ನಿಂಗೆ ಮನಸ್ಸಾದ್ರೂ ಎಂಗ್ ಬಂತು?”

ಹಾಸನದಲ್ಲಿ ಇದನ್ನು ಹೇಳುವಾಗ ಅವಳು ಅಳಲಿಲ್ಲ. ಕಾಫಿ ಲೋಟದ ಅಂಚನ್ನು ಬೆರಳಿನಿಂದ ಸುತ್ತುತ್ತಾ, ವರ್ಷ ತುಂಬಲಿ, ಆಮೇಲೆ ಮತ್ತೆ ಕೇಳ್ತೀನಿ ಅಂದಳು.

ವರ್ಷ ತುಂಬುವುದರೊಳಗೆ ಅವಳ ಮಗನಿಗೆ ಹೆಣ್ಣುಮಗು ಹುಟ್ಟಿತು. ಗಲ್ಲದ ಮೇಲೆ ಅತ್ತೆಗಿದ್ದಂಥದೇ ಮಚ್ಚೆ. ಅಜ್ಜಿಯೇ ಹುಟ್ಟಿಬಂದಳು ಎಂದು ಮನೆಯೆಲ್ಲ ಸಂಭ್ರಮಪಟ್ಟಿತು. ನಾಮಕರಣಕ್ಕೆ ನನ್ನನ್ನೂ ಕರೆದಿದ್ದರು. ಮಗುವಿನ ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿ, ಅಂಗೈ ಅಡ್ಡ ಹಿಡಿದು, ಕಿವಿಯಲ್ಲಿ ಹೆಸರು ಹೇಳಿದಳು. ಯಾವ ಹೆಸರು ಎಂದು ಬರೆಯಬೇಕಾಗಿಲ್ಲ. ನನ್ನ ಗೆಳತಿ ಕಂಬದ ಹತ್ತಿರ ಬಂದವರಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ನನ್ನ ಕೈಗೆ ಸಕ್ಕರೆ ಹಾಕುವಾಗ ಅರ್ಧ ನೆಲಕ್ಕೆ ಚೆಲ್ಲಿತು.

ಬೇಡ ಅನ್ನಲಿಲ್ಲವಾ ಎಂದು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ.

“ಯಾರು ಕೇಳಿದ್ರು ನನ್ನ? ಹೂವ ಕಟ್ತಾ ಕೂತಿದ್ದೆ. ಒಳಗೆ ತೀರ್ಮಾನ ಆಗ್ಬಿಟ್ಟಿತ್ತು,” ಅಂದಳು. ಅಂಗೈಗೆ ಅಂಟಿದ ಸಕ್ಕರೆಯನ್ನು ಉಜ್ಜಿ ತೆಗೆಯುತ್ತಾ, “ದೊಡ್ಡೋರ ಹತ್ರ ಆದ್ರೆ ಜಗಳ ಆಡಬಹುದು. ಮಗೂ ಹತ್ರ ಕಿತ್ಕೊಳ್ಳಕ್ಕಾಗತ್ತೇನೇ?”

ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಅತ್ತೆ ಸತ್ತರೂ ಅತ್ತೆಯ ಹೆಸರು ಅತ್ತೆಯದೇ. ಸೊಸೆಯಾದವಳು ಮೊಮ್ಮಗಳನ್ನು ಕೂಡ ಆ ಹೆಸರು ಹಿಡಿದು ಕೂಗುವಂತಿಲ್ಲ. ಹೀಗಾಗಿ ಅವಳಿಗೆ ಆ ಮಗು ಬರೀ ಕೂಸು, ಪುಟ್ಟ, ಬಂಗಾರಿ. ಮನೆಯವರೆಲ್ಲ ದಿನವಿಡೀ ಆ ಹೆಸರು ಕೂಗುತ್ತಿದ್ದರು. ಹುಟ್ಟಿನಿಂದ ಅದನ್ನು ತಂದವಳ ಬಾಯಲ್ಲಿ ಮಾತ್ರ ಆ ಮನೆಯೊಳಗೆ ಅದು ಬರುವ ಹಾಗಿರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಆಟ ಸೊರಗಿತು. ನಾನೇ ಯಾರದಾದರೂ ಸುದ್ದಿ ತಂದರೆ ಹೂಂ ಅನ್ನುತ್ತಿದ್ದಳು. ಮಂಡಿನೋವು ಹೆಚ್ಚಾಗಿ ಹಾಸನಕ್ಕೆ ಬರುವುದನ್ನೂ ಬಿಟ್ಟಳು, ನಾನೇ ಹೊಳೆನರಸೀಪುರಕ್ಕೆ ಹೋಗಿಬರುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಮಾತು ಇನ್ನೂ ಕಡಿಮೆಯಾಯಿತು. ಮೊಮ್ಮಗಳು ಕಾಲೇಜಿಗೆ ಸೇರಿದ ವರ್ಷ ಒಂದು ಮಧ್ಯಾಹ್ನ ಮೊಬೈಲ್ ಹಿಡಿದುಕೊಂಡು ನಮ್ಮಿಬ್ಬರ ನಡುವೆ ಬಂದು ಕೂತಳು. ಅಜ್ಜಿ, ನನ್ನ ಹೆಸರಲ್ಲಿ ಎಷ್ಟೊಂದು ಫೇಮಸ್ ಜನ ಇದಾರೆ ನೋಡಿ ಎಂದು ಬೆರಳಿನಿಂದ ಸರಿಸುತ್ತಾ ಓದುತ್ತಾ ಹೋದಳು. ನಮ್ಮ ರಾಣಿ ಅಲ್ಲಿದ್ದಳು. ಕೆರೆ ಕಟ್ಟಿಸಿದವಳು, ಗುಂಡು ಎಸೆದವಳು, ಜಡ್ಜ್, ಎಲ್ಲರೂ. ನಾವು ಕೇಳೇ ಇರದ ಎಷ್ಟೋ ಜನ, ಸೈಂಟಿಸ್ಟುಗಳು, ಕ್ರಿಕೆಟ್ ಆಡುವವರು. ನಾವು ವರ್ಷಗಟ್ಟಲೆ ಹೆಕ್ಕಿದ್ದನ್ನು ಆ ಮಗು ಕಾಫಿ ಆರುವುದರೊಳಗೆ ಓದಿ ಮುಗಿಸಿತು.

ನನ್ನ ಗೆಳತಿ ಕೊನೆಯವರೆಗೂ ಕೇಳಿದಳು. ಮೊಮ್ಮಗಳು ಎದ್ದುಹೋದ ಮೇಲೆ ನನ್ನ ಕಡೆ ತಿರುಗಿದಳು.

“ಇವರಲ್ಲಿ ಎಷ್ಟು ಜನಕ್ಕೆ ಅದು ಅವ್ವ ಇಟ್ಟದ್ದೋ, ಎಷ್ಟು ಜನಕ್ಕೆ ಅಕ್ಕಿ ಮೇಲೆ ಬರೆದದ್ದೋ. ಆ ರಾಣೀನ ಅವಳ ತೌರಲ್ಲಿ ಏನಂತ ಕರೀತಿದ್ರೋ, ಯಾರಿಗೆ ಗೊತ್ತು?”

ನಿನ್ನ ಹುಟ್ಟುಹೆಸರೂ ಅದೇ ಅಂತ ಆ ಮಗೂಗೆ ಹೇಳಿದ್ದೀಯಾ ಅಂದೆ. ಇಲ್ಲವೆಂದು ತಲೆಯಾಡಿಸಿದಳು. ಹೇಳಿದ್ರೆ ಪಾಪ ಅದಕ್ಕೆ ತನ್ನ ಹೆಸರು ಕಹಿಯಾಗತ್ತೆ, ಬೇಡ ಅಂದಳು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಅವಳ ಮಗ ಫೋನ್ ಮಾಡಿದ. ಅಮ್ಮಂಗೆ ಸೋಡಿಯಂ ಕಮ್ಮಿಯಾಗಿ ಹಾಸನದಲ್ಲಿ ಅಡ್ಮಿಟ್ ಮಾಡಿದ್ವು ಆಂಟಿ, ಈಗ ಮನೆಗೆ ಕರ್ಕೊಂಡು ಬಂದಿದೀವಿ, ಮಾತು ಸ್ವಲ್ಪ ಹಿಂದುಮುಂದಾಗತ್ತೆ, ಒಂದ್ಸಲ ಬಂದು ಹೋಗಿ ಅಂದ. ಬೆಳಗಿನ ಬಸ್ಸಿಗೇ ಹೊರಟೆ.

ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ನೈಟಿಯ ಮೇಲೊಂದು ಟವೆಲ್. ಜಡೆ ಬೆರಳಿನಷ್ಟು ಸಣ್ಣಗಾಗಿತ್ತು. ಮಗ ನನ್ನನ್ನು ಕೂರಿಸಿ ತೋಟದ ಕಡೆ ಹೋದ. ಅವಳು ನನ್ನನ್ನು ನೋಡಿದಳು, ಯಾರೋ ನೆಂಟರು ಬಂದಿದ್ದಾರೆ ಎನ್ನುವ ಮರ್ಯಾದೆಯ ನಗು ನಕ್ಕಳು. ಕೈ ಹಿಡಿದುಕೊಂಡೆ. ಕಾನ್ವೆಂಟ್ ಅಂದೆ, ಅರಕಲಗೂಡು ಅಂದೆ, ಚನ್ನರಾಯಪಟ್ಟಣದವಳು ಕಣೇ ನಾನು ಅಂದೆ. ಹೌದಾ, ಬಿಸಿಲಲ್ಲಿ ಬಂದ್ರಾ ಅಂದಳು. ಇನ್ನು ನನ್ನ ಹತ್ತಿರ ಉಳಿದಿದ್ದದ್ದು ಒಂದೇ. ಹತ್ತಿರ ಬಗ್ಗಿ, ಅವಳ ಅವ್ವ ಕರೆಯುತ್ತಿದ್ದ ಹಾಗೆ, ಕೊಂಚ ಗಟ್ಟಿಯಾಗಿಯೇ ಹೆಸರು ಹಿಡಿದು ಕರೆದೆ.

ಅಡುಗೆಮನೆಯಿಂದ ಮೊಮ್ಮಗಳು, ಬಂದೇ ಅಜ್ಜಿ ಎಂದು ಓಗೊಟ್ಟಳು.

ನನ್ನ ಗೆಳತಿ ಬೆಚ್ಚಿದಳು. ಚಾಚಿದ್ದ ಕಾಲುಗಳನ್ನು ಕಷ್ಟಪಟ್ಟು ಒಳಗೆಳೆದುಕೊಂಡಳು. ಇಲ್ಲದ ಸೆರಗಿಗಾಗಿ ಅವಳ ಕೈ ಹೆಗಲ ಮೇಲೆಲ್ಲ ತಡಕಾಡಿತು. ಕೊನೆಗೆ ಟವೆಲನ್ನೇ ತಲೆಯ ಮೇಲೆ ಎಳೆದುಕೊಂಡು, ಒಳಬಾಗಿಲ ಕಡೆ ನೋಡುತ್ತಾ ನನ್ನ ಕೈ ಅದುಮಿದಳು.

“ಅಂಗೆಲ್ಲ ಎಸ್ರಿಡಿದು ಕೂಗ್ಬಾರ್ದು ಕಣ್ರೀ. ಅತ್ತೆಮ್ಮ ಬತ್ತಾವ್ರೆ.”

ಹುಡುಗಿ ಕಾಫಿ ತಂದಿಟ್ಟು, ಕರೆದ್ರಾ ಅಂದಳು. ಇಲ್ಲ ಕಣಮ್ಮ, ಸುಮ್ಮನೆ ಅಂದೆ. ಅವಳು ಒಳಗೆ ಹೋಗುವವರೆಗೂ ನನ್ನ ಗೆಳತಿ ತಲೆ ಎತ್ತಲಿಲ್ಲ. ಆಮೇಲೂ ಟವೆಲ್ ಸರಿಸಲಿಲ್ಲ. ಕಾಫಿ ಕುಡಿದು, ಹೋಗಿಬರ್ತೀನಿ ಎಂದು ಎದ್ದೆ. ಹೋಗಿಬನ್ನಿ ಅಂದಳು. ನಾನು ಹೊಸ್ತಿಲು ದಾಟುವಾಗ ತಿರುಗಿ ನೋಡಿದೆ. ಮುಸುಕು ಹಾಕಿಕೊಂಡು, ತಲೆ ತಗ್ಗಿಸಿ, ಅವಳು ಹಾಗೆಯೇ ಕೂತಿದ್ದಳು.