ಆಕೆಯ ತವರಿನ ಮಾತಿನಲ್ಲಿ

ಆನೆಗೊಂದಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅತ್ತೆ ಮತ್ತು ನಾನು ಬಾಳೆನಾರಿನ ಚಾಪೆ, ಚೀಲ ಹೆಣೆಯುತ್ತೇವೆ. ಆ ಕೆಲಸ ಕಲಿಯಲೆಂದು ಪೋರ್ಚುಗಲ್ಲಿನ ಹೆಣ್ಣುಮಗಳೊಬ್ಬಳು ಕೆಲವು ವಾರ ನಮ್ಮ ಜೊತೆ ಕೂತಿದ್ದಳು. ಆಕೆ ಹೊರಡುವ ಹಿಂದಿನ ಸಂಜೆ ನಡೆದದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಮೂವರೂ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದೆವು. ಅತ್ತೆ ಏನೋ ಹೇಳಿ ನಗಲು ಹೋದರು. ನಗು ಅರ್ಧಕ್ಕೆ ನಿಂತಿತು. ಕೆಮ್ಮು ಬರಲಿಲ್ಲ, ಉಸಿರೂ ಬರಲಿಲ್ಲ. ಮುಖ ಕಪ್ಪಿಟ್ಟಿತು. ನಾನು ನೀರಿನ ತಂಬಿಗೆ ಎತ್ತಿದೆ. ಆ ಹೆಣ್ಣುಮಗಳು ಅದನ್ನು ಪಕ್ಕಕ್ಕೆ ಸರಿಸಿ, ಅತ್ತೆಯನ್ನು ಮುಂದಕ್ಕೆ ಬಗ್ಗಿಸಿ, ಅಂಗೈಯಿಂದ ಬೆನ್ನಿಗೆ ಜೋರಾಗಿ ಹೊಡೆದಳು. ಮತ್ತೆ ಹೊಡೆದಳು. ಮೆಣಸಿನಕಾಯಿಯ ತುಂಡು ನೆಲಕ್ಕೆ ಬಿತ್ತು.

ಉಸಿರು ತಿರುಗಿದ ಮೇಲೆ ಅತ್ತೆ ನನ್ನನ್ನೇ ನೋಡಿದರು. "ಅತ್ತೀಗೆ ಹೊಡತ ಬೀಳೂದು ನೋಡಕೋತ ನಿಂತಿದ್ದೆಲ್ಲವಾ! ಭಾಳ ದಿನದಿಂದ ಕಾಯ್ತಿದ್ದೇನ?"

ನಾನು ಅಳುತ್ತಲೇ ನಕ್ಕೆ. "ಆಕಿಗೆ ಥ್ಯಾಂಕ್ಸ್ ಅಂತ ಹೇಳ್ಲೇನ್ರಿ?"

"ಅದನ್ನ ಕಂಡಕ್ಟರ್‌ಗೂ ಅಂತಾರ. ಆಕಿ ತವರಿನ ಮಾತಿನ್ಯಾಗ ಹೇಳಬೇಕು. ನಾನ ಹೇಳಬೇಕು. ಮುಂಜಾನಿ ಗಂಗಾವತಿ ಬಸ್ ಹತ್ತೂದ್ರೊಳಗ."

ನಮ್ಮ ಮನೆಗಳಲ್ಲಿ ಉಪಕಾರಕ್ಕೆ ಬಾಯಿಮಾತಿನ ರೂಢಿ ಇಲ್ಲ. ಉಣಿಸುತ್ತೇವೆ, ಹೆಣ್ಣುಮಗಳಾದರೆ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸುತ್ತೇವೆ. ನಾನು ಮೊಬೈಲಿನಲ್ಲಿ ಹುಡುಕಿದೆ. ಹೇಳುವವಳು ಹೆಂಗಸಾದರೆ 'ಒಬ್ರಿಗಾದಾ' ಅನ್ನಬೇಕು; ತುಂಬು ಮನಸ್ಸಿನಿಂದ ಹೇಳುವುದಾದರೆ ಮೊದಲು 'ಮುಯಿಂತು' ಸೇರಿಸಬೇಕು. ರೊಟ್ಟಿ ಬಡಿಯುವಾಗಲೂ ಅತ್ತೆ ಅದನ್ನೇ ಅಂದುಕೊಳ್ಳುತ್ತಿದ್ದರು. ಗಂಟಲು ಇನ್ನೂ ಒರಟಾಗಿತ್ತು.

ಮುಂಜಾನೆ ಆಕೆ ಬೆನ್ನಿಗೆ ಚೀಲ ಏರಿಸಿಕೊಂಡು ಬಂದಳು. ಅತ್ತೆ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಿಡಿದು ನಿಂತಿದ್ದರು. "ಸೆರಗ ಒಡ್ಡವಾ," ಅಂದರು. ಆಕೆ ತೊಟ್ಟದ್ದು ಪ್ಯಾಂಟು, ಅಂಗಿ. ಒಡ್ಡಲು ಸೆರಗೇ ಇರಲಿಲ್ಲ. ಇದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಆ ಗಾಬರಿಯಲ್ಲಿ ಅತ್ತೆಯ ನಾಲಿಗೆಯಿಂದ ಕಲಿತ ಮಾತೂ ಜಾರಿಹೋಯಿತು. ಹೊರಗೆ ಬಸ್ಸಿನ ಹಾರ್ನ್ ಕೇಳಿತು.

ಅತ್ತೆ ಮೊರವನ್ನು ನನ್ನ ಕೈಗಿಟ್ಟು ಮೂಲೆಗೆ ಹೋದರು. ಅಲ್ಲಿ ಆಕೆ ಹೆಣೆದ ಮೊದಲ ಚಾಪೆ ಇತ್ತು. ಒಂದು ಅಂಚು ಅಗಲ, ಇನ್ನೊಂದು ಕಿರಿದು. ನಾಚಿಕೊಂಡು ಆಕೆ ಅದನ್ನು ಕಸಕ್ಕೆ ಹಾಕಿದ್ದಳು, ಅತ್ತೆ ಎತ್ತಿಟ್ಟಿದ್ದರು. ಅದನ್ನೇ ಆಕೆಯ ತೋಳುಗಳ ಮೇಲೆ ಹಾಸಿ ಉಡಿ ತುಂಬಿದರು. ಬಗ್ಗಿ ಕೆಳಗಿನಿಂದ ನೋಡಿದರು.

"ಒಂದ ಕಾಳೂ ಸೋರವಲ್ದು. ಛಲೋ ಹೆಣದೀದಿ."

ಆಮೇಲೆ ನೆಟ್ಟಗೆ ನಿಂತು, ನಿಧಾನವಾಗಿ, ಒಂದಕ್ಷರವೂ ತಪ್ಪದೆ ಅಂದರು: "ಮುಯಿಂತು ಒಬ್ರಿಗಾದಾ."

ಆಕೆಯ ಕಣ್ಣು ತುಂಬಿದವು. ಅಕ್ಕಿ ಚೆಲ್ಲೀತೆಂದು ಕೈ ಎತ್ತದೆ, ಹಣೆಯನ್ನು ಅತ್ತೆಯ ಭುಜಕ್ಕೆ ಒತ್ತಿ, "ಹೋಗಿ ಬರ್ತೀನ್ರಿ ಅವ್ವಾ," ಅಂದಳು. ನಾವು ಕಲಿಸಿದ್ದಲ್ಲ, ನಮ್ಮ ಮಾತು ಕೇಳಿಸಿಕೊಂಡು ತಾನೇ ಕಲಿತದ್ದು.

"ಬರೋರು ಲಗೂನ ಬರ್ರಿ!" ಕಂಡಕ್ಟರ್ ಕೂಗಿದ.

"ತಡಿಯೋ ತಮ್ಮಾ," ಅತ್ತೆ ಬಾಗಿಲಿಗೆ ಬಂದು ಇಡೀ ಓಣಿಗೆ ಕೇಳುವಂತೆ ಹೇಳಿದರು, "ನನ್ನ ಮಗಳ ಉಡಿ ಕಟ್ಟಾಕತ್ತೀನಿ."

ನಾನು ಚಾಪೆಯ ಅಂಚು ಹಿಡಿದೆ, ಅತ್ತೆ ನಾರಿನಿಂದ ಬಿಗಿದರು. ಗಂಟು ಬೀಳುವ ತನಕ ಬಸ್ಸು ನಿಂತೇ ಇತ್ತು.