ಜೊತೆಗೊಬ್ಬರು ಬೇಕು

ರಕ್ತದ ಕ್ಯಾನ್ಸರ್ ಎರಡನೇ ಸಲ ಮರುಕಳಿಸಿದಾಗ ಹೈದರಾಬಾದಿನ ಡಾಕ್ಟರು ಹೊಸ ಚಿಕಿತ್ಸೆಯೊಂದರ ಮಾತೆತ್ತಿದರು. ನನ್ನದೇ ರಕ್ತದಿಂದ ಕೆಲವು ಜೀವಕೋಶಗಳನ್ನು ತೆಗೆದು, ಅವುಗಳ ಜೀನ್ ಬದಲಿಸಿ, ರೋಗದ ಮೇಲೆ ಬೀಳುವುದನ್ನು ಕಲಿಸಿ ವಾಪಸು ಮೈಗೆ ಬಿಡುತ್ತಾರಂತೆ. ಮಾದನಹಿಪ್ಪರಗಾದ ಮಕ್ಕಳಿಗೆ ಇಷ್ಟು ವರ್ಷ ಮಗ್ಗಿ ಕಲಿಸಿದ ನನಗೆ ಕಲಿಸುವ ಮಾತು ಸಲೀಸಾಗಿ ತಲೆಗೆ ಹೋಯಿತು. ನಮ್ಮಂಥವರ ಕೈಗೆಟುಕುವ ಚಿಕಿತ್ಸೆಯಲ್ಲ ಅದು. ಆದರೆ ಅದನ್ನು ಪರೀಕ್ಷಿಸುವ ಅಧ್ಯಯನವೊಂದರಲ್ಲಿ ಪುಕ್ಕಟೆ ಜಾಗವೊಂದು ಖಾಲಿಯಿತ್ತು. ನನ್ನ ಅದೃಷ್ಟಕ್ಕೆ ನಾನೇ ಬೆರಗಾದೆ.

ಷರತ್ತು ಒಂದೇ. ಒಂದು ತಿಂಗಳು ಮನೆಯವರೊಬ್ಬರು ಸದಾ ಜೊತೆಗಿರಬೇಕು. ಈ ಚಿಕಿತ್ಸೆಯಿಂದ ಕೆಲವರಿಗೆ ತಲೆ ಗೊಂದಲವಾಗುತ್ತದೆ, ಮಾತು ತಡವರಿಸುತ್ತದೆ. ನನ್ನ ಮಾತಿನ ಧಾಟಿ ಬಲ್ಲವರು ಅದನ್ನು ಕೂಡಲೇ ಗುರುತಿಸಿ ಹೇಳಬೇಕು.

ನಾನು ಮದುವೆಯಾದವಳಲ್ಲ. ಇರುವವನು ಅಫಜಲಪುರದ ಕಡೆ ಹೊಲ ನೋಡಿಕೊಂಡಿರುವ ತಮ್ಮ ಒಬ್ಬನೇ. ಅವನಿಗೂ ರಕ್ತ ಕಡಿಮೆಯಾಗಿದೆ ಎಂದಷ್ಟೇ ಹೇಳಿದ್ದೆ. ಯಾರ ಕನಿಕರವೂ ನನಗೆ ಒಗ್ಗುವುದಿಲ್ಲ. ಫೋನಿನಲ್ಲೂ ಸಂತೆಗೆ ಕರೆದಂತೆ, ಒಂದು ತಿಂಗಳು ಆಸ್ಪತ್ರೆಗೆ ಬರುತ್ತೀಯಾ ಎಂದು ಕೇಳಿದೆ. ಕಣದಲ್ಲಿ ತೊಗರಿ ರಾಶಿ ನಡೆದಿದೆ, ಮುಗಿದ ಮೇಲೆ ಬರುತ್ತೇನೆ ಎಂದ. ಆಯಿತು ಎಂದು ಫೋನಿಟ್ಟೆ. ಎರಡನೇ ಸಲ ಕೇಳುವ ಜಾಯಮಾನ ನನ್ನದಲ್ಲ, ಹಾಳಾದ್ದು.

ಒಬ್ಬಳೇ ಹೋದೆ. ಅಲ್ಲಿನ ನರ್ಸು ನಮ್ಮ ಜೇವರ್ಗಿಯ ಕಡೆಯವಳು. ಜೊತೆಗಿರುವವರ ಹೆಸರು ಬರೆಯುವ ಕಾಗದವನ್ನು ಮುಂದಿಟ್ಟಳು. ನನ್ನನ್ನು ನಾನೇ ನೋಡಿಕೊಳ್ಳುತ್ತೇನೆ, ಇಷ್ಟು ವರ್ಷ ನೋಡಿಕೊಂಡಿಲ್ಲವೇ ಎಂದು ರೇಗಿದೆ. ಅವಳು ಸಿಟ್ಟಾಗಲಿಲ್ಲ.

"ತಲಿ ತಪ್ಪಿದಾಗ, ತಪ್ಪ್ಯಾದ ಅಂತ ನಿಮಗ ಹ್ಯಾಂಗ ತಿಳೀತದ್ರಿ, ಟೀಚರ್?" ಎಂದಳು.

ಕಾಗದವನ್ನು ಖಾಲಿಯೇ ವಾಪಸು ಕೊಟ್ಟೆ. ಯಾರನ್ನಾದರೂ ಕರೆತರಲು ಒಂದು ವಾರ ಗಡುವು ಕೊಟ್ಟರು. ಊರಿಗೆ ಮರಳುವ ಆಳಂದದ ಬಸ್ಸಿನಲ್ಲಿ ಕೂತು, ತಮ್ಮನಿಗೆ ನಿಜ ಹೇಳಿಬಿಡಬೇಕು ಎಂದುಕೊಂಡೆ. ಆ ವಾರವಿಡೀ ದಿನಕ್ಕೆರಡು ಸಲ ಫೋನು ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಕ್ಯಾನ್ಸರ್ ಎಂಬ ಮಾತು ಬಾಯಿಗೆ ಬರಲೇ ಇಲ್ಲ. ಜಾಗ ಬೇರೆಯವರಿಗೆ ಹೋಯಿತು. ಅವರ ಜೊತೆ ಮನೆಯವರು ಮೂವರು ಬಂದಿದ್ದರಂತೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ರಾಶಿ ಮುಗಿದ ದಿನ ತಮ್ಮನೇ ಫೋನು ಮಾಡಿದ.

"ಅಕ್ಕಾ, ನಾಳಿಗಿ ಬರ್ತೇನಿ. ಬಟ್ಟಿ ತುಂಬಾಕತ್ತೇನಿ. ಎಲ್ಲಿಗಿ ಬರ್ಲಿ?"

ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅಳುತ್ತಿದ್ದೆ. ಇನ್ನು ಬರುವುದು ಬೇಡಪ್ಪ, ಗುಳಿಗೆಯಲ್ಲೇ ಗುಣವಾಗುತ್ತಿದೆ ಎಂದೆ.

"ಚೊಲೊ ಆತ್ ಬಿಡು," ಎಂದ ಅವನು. "ದನಿ ಕೇಳಿದ್ರ ಗೊತ್ತಾಗ್ತದ, ಆರಾಮ ಇದ್ದಿ."